ಕಣ್ಣಾರೆ ಕಂಡಷ್ಟಕ್ಕೆ ಮಾರ್ಕ್ಸು

ಮೇಷ್ಟ್ರು ಸತ್ತ ದಿನ ಬಂದವರೆಲ್ಲ ಅವರನ್ನು ದೇವರಂಥವರು ಎಂದರು. ದೇವರಂಥವರೇನಲ್ಲ. ಹಟಮಾರಿ. ಅವರ ಕೈಯಲ್ಲಿ ಕಲಿತು ಅವರನ್ನು ಬೈದುಕೊಳ್ಳದ ಹುಡುಗ ಒಬ್ಬನೂ ಇಲ್ಲ. ನಾನು ಎಲ್ಲರಿಗಿಂತ ಜಾಸ್ತಿ ಬೈದುಕೊಂಡಿದ್ದೇನೆ. ಈಗ ಹಳೇ ಹುಡುಗರು ಸೇರಿ ಅವರ ಬಗ್ಗೆ ಒಂದು ಪುಸ್ತಕ ಮಾಡುತ್ತಿದ್ದಾರಂತೆ, ನೀನೂ ಬರಿ ಎಂದರು. ನನಗೆ ಮೋಟರ್ ಸುತ್ತುವುದು ಬರುತ್ತದೆ, ಬರೆಯುವುದು ಅಷ್ಟಕ್ಕಷ್ಟೆ. ಆದದ್ದು ಆದ ಹಾಗೆ ಹೇಳುತ್ತೇನೆ.

ಅರಸೀಕೆರೆಯಲ್ಲಿ ನಾನು ಓದಿದ ಕಾಲೇಜಿನಲ್ಲಿ ಆಗ ಜೆಒಸಿ ಅಂತ ಒಂದು ಕೋರ್ಸಿತ್ತು. ಪಿಯುಸಿ ಬದಲು ಎರಡು ವರ್ಷ ಯಾವುದಾದರೂ ಕಸುಬು ಕಲಿಯುವುದು. ನಮ್ಮದು ಎಲೆಕ್ಟ್ರಿಕಲ್. ಎರಡನೇ ವರ್ಷ ಹುಡುಗರು ಹೊರಗೆ ಎಲ್ಲಾದರೂ ಅಂಗಡಿಯಲ್ಲಿ, ವರ್ಕ್‌ಶಾಪಿನಲ್ಲಿ ಕೆಲಸ ಮಾಡಬೇಕಿತ್ತು. ಆ ಕೆಲಸಕ್ಕೆ ಕಾಲೇಜಿನ ಮಾರ್ಕ್ಸು. ಬರೆಯುವ ಪರೀಕ್ಷೆಯೆಲ್ಲ ಪಾಸಾಗಿ ಇದೊಂದರಲ್ಲಿ ಕೈಕೊಟ್ಟರೆ ಫೇಲು.

ಬೇರೆ ವಿಭಾಗದವರು ಇದನ್ನು ಸುಲಭ ಮಾಡಿಕೊಂಡಿದ್ದರು. ಮಾವನದೋ ಚಿಕ್ಕಪ್ಪನದೋ ಅಂಗಡಿಯಿಂದ ಹುಡುಗ ಕೆಲಸ ಮಾಡಿದ್ದಾನೆ ಎಂದು ಒಂದು ಚೀಟಿ ತಂದರೆ ಸಾಕು, ಸ್ಟಾಫ್ ರೂಮಿನಲ್ಲಿ ಕೂತು ಮಾರ್ಕ್ಸ್ ಹಾಕುತ್ತಿದ್ದರು. ನಮ್ಮ ಮೇಷ್ಟ್ರು ಹಾಗಲ್ಲ. ಹುಡುಗ ಕೆಲಸ ಮಾಡುವ ಜಾಗಕ್ಕೇ ಬಸ್ಸಿನಲ್ಲಿ ಹೋಗಿ, ಅವನ ಬೆನ್ನ ಹಿಂದೆ ಕೈಕಟ್ಟಿ ನಿಲ್ಲುತ್ತಿದ್ದರು. ಮಾತಿಲ್ಲ. ತಪ್ಪು ಮಾಡಿದರೆ ಒಂದು ಸಲ ಕೆಮ್ಮುತ್ತಿದ್ದರು. ಕೆಮ್ಮು ಕೇಳಿಸಿತು ಅಂದರೆ ಎಲ್ಲಿ ತಪ್ಪಿತು ಅಂತ ನಾವೇ ಹುಡುಕಿಕೊಳ್ಳಬೇಕು. ಕೆಲಸ ಮುಗಿದ ಮೇಲೆ ಸ್ಕ್ರೂಡ್ರೈವರಿನ ತುದಿಯನ್ನು ಓಡುತ್ತಿರುವ ಮೋಟರಿಗೆ ಆನಿಸಿ, ಹಿಡಿಯನ್ನು ಕಿವಿಗಿಟ್ಟು, ಒಂದು ಕಣ್ಣು ಮುಚ್ಚಿ ಕೇಳುತ್ತಿದ್ದರು. ಒಳಗೆ ಬೇರಿಂಗ್ ಹೇಗೆ ತಿರುಗುತ್ತಿದೆ ಅಂತ ಅದರಲ್ಲಿ ಗೊತ್ತಾಗುತ್ತದೆ. ಆಮೇಲೆ ಮಾರ್ಕ್ಸು.

"ಕಂಡಿದ್ದಕ್ಕೆ ಹಾಕ್ತೀನಿ, ಕೇಳಿದ್ದಕ್ಕೆ ಹಾಕಲ್ಲ," ಎನ್ನುತ್ತಿದ್ದರು. ಕ್ಲಾಸಿನಲ್ಲಿ ಎಷ್ಟು ಸಲ ಹೇಳಿದರೋ. ಹಿಂದಿನ ಬೆಂಚಿನವರು ಅವರಿಗಿಂತ ಮುಂಚೆ ಹೇಳಿಬಿಡುತ್ತಿದ್ದರು.

ಉದ್ದಕ್ಕೆ, ಸಣ್ಣಗೆ ಇದ್ದರು. ಶರ್ಟಿಗೆ ಇಸ್ತ್ರಿ ತಪ್ಪುತ್ತಿರಲಿಲ್ಲ. ಜೇಬಿನಲ್ಲಿ ಪೆನ್ನು ಮತ್ತು ಟೆಸ್ಟರ್ ಪಕ್ಕಪಕ್ಕ. ಪೆನ್ನು ಮರೆತು ಬಂದು ನಮ್ಮ ಹತ್ತಿರ ಇಸಿದುಕೊಂಡದ್ದುಂಟು, ಟೆಸ್ಟರ್ ಮರೆತು ಬಂದದ್ದು ನಾನು ಕಂಡಿಲ್ಲ. ಡಿಪ್ಲೊಮಾ ಓದಿದವರು. ಆದರೆ ಕಾಲೇಜಿನಲ್ಲಿ ಪಾರ್ಟ್ ಟೈಮ್. ಜೂನ್‌ನಲ್ಲಿ ಸೇರಿಸಿಕೊಳ್ಳುವುದು, ಮಾರ್ಚಿಗೆ ಕಳಿಸುವುದು, ಮತ್ತೆ ಜೂನ್‌ನಲ್ಲಿ ಕರೆಯುತ್ತಾರೋ ಇಲ್ಲವೋ ಅಂತ ಕಾಯುವುದು. ಹೀಗೇ ಅವರ ವರ್ಷಗಳು ಹೋದವು. ಮನೆ ನಡೆಯುತ್ತಿದ್ದದ್ದು ಹೆಂಡತಿಯ ಸಂಬಳದಲ್ಲಿ. ಅವರು ಪ್ರೈಮರಿ ಸ್ಕೂಲ್ ಟೀಚರು, ಪರ್ಮನೆಂಟು. ಸ್ಟಾಫ್ ರೂಮಿನಲ್ಲಿ ಯಾರೋ ಇದನ್ನು ಆಡಿಕೊಂಡಾಗ ಮೇಷ್ಟ್ರು, "ಹೌದಪ್ಪ, ನಮ್ಮನೇಲಿ ಮೇನ್ ಸ್ವಿಚ್ ಅವಳೇ," ಎಂದರಂತೆ.

ನನ್ನನ್ನು ಕಾಲೇಜಿಗೆ ಎಳೆದವರು ಅವರೇ. ಎಸ್ಸೆಲ್ಸಿ ಎರಡನೇ ಸಲಕ್ಕೆ ಪಾಸು ಮಾಡಿ ನಾನು ಅರಸೀಕೆರೆ ಸ್ಟೇಷನ್ ರಸ್ತೆಯ ಒಂದು ರಿವೈಂಡಿಂಗ್ ಅಂಗಡಿಯಲ್ಲಿದ್ದೆ. ಸುಟ್ಟುಹೋದ ಮೋಟರಿನ ತಂತಿ ಕಿತ್ತು ಹೊಸ ತಂತಿ ಸುತ್ತುವುದು ನನ್ನ ಕೆಲಸ. ಊರು ಜಾವಗಲ್ ಹತ್ತಿರ, ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದೆ. ಅಂಗಡಿಯ ಮಾಲೀಕರನ್ನು ಎಲ್ಲರೂ ಅಂಗಡಿಯಣ್ಣ ಎನ್ನುತ್ತಿದ್ದರು. ಮೇಷ್ಟ್ರು ಒಂದು ದಿನ ಮಿಕ್ಸಿ ರಿಪೇರಿಗೆ ತಂದರು. ಕೊಟ್ಟು ಹೋಗದೆ ನನ್ನ ಹಿಂದೆ ನಿಂತು ಬಹಳ ಹೊತ್ತು ನೋಡಿದರು.

"ಎಷ್ಟು ಓದಿದೀಯ?"

"ಎಸ್ಸೆಲ್ಸಿ."

"ಮುಂದಕ್ಕೆ?"

"ಓದಕ್ಕೆ ಕುಂತ್ರೆ ತಲೆ ನೋಯ್ತದೆ ಸಾರ್."

"ಈಗ ಮಾಡ್ತಿದೀಯಲ್ಲ, ಇದಕ್ಕೇ ಕಾಲೇಜಲ್ಲಿ ಮಾರ್ಕ್ಸ್ ಇದೆ. ಬರ್ತೀಯಾ?"

ಅಂಗಡಿಯಣ್ಣ ನಕ್ಕರು. "ಮಾರ್ಕ್ಸ್ ಕೊಡ್ತಾರಂತೆ ಕಣ್ಲಾ. ತಗಂಡು ಏನ್ ಮಾಡ್ತೀಯ, ಉಪ್ಪಿನಕಾಯಿ ಹಾಕ್ತೀಯಾ?"

"ವೈರ್‌ಮನ್ ಪರ್ಮಿಟ್ ತಗೋತಾನೆ ಕಣ್ರೀ," ಎಂದರು ಮೇಷ್ಟ್ರು. "ನಿಮ್ಮದು ಎಲ್ಲಿದೆ, ಗೋಡೆ ಮೇಲೆ ಕಾಣ್ತಿಲ್ಲ?"

ಅಂಗಡಿಯಣ್ಣನ ಪರ್ಮಿಟ್ ಇದ್ದದ್ದು ಅವರ ಭಾವಮೈದುನನ ಹೆಸರಿನಲ್ಲಿ. ಅವರು ಮಾತು ಬದಲಿಸಿ ಟೀ ತರಿಸಿದರು. ಬೆಳಿಗ್ಗೆ ಕಾಲೇಜು, ಮಧ್ಯಾಹ್ನದ ಮೇಲೆ ಅಂಗಡಿ ಅಂತ ಆಯಿತು. ಮಾಡುತ್ತಿದ್ದ ಕೆಲಸವನ್ನೇ ಮಾಡಿ ಪಾಸಾಗಬಹುದು ಅಂತ ನಾನು ಸೇರಿದೆ. ಬೇರೆ ಆಸೆ ಇರಲಿಲ್ಲ.

ಮೇಷ್ಟ್ರು ಬರುತ್ತಾರೆ ಅನ್ನುವ ಹೆದರಿಕೆ ಎಂಥದ್ದು ಅಂತ ಹೇಳಬೇಕು. ನಮ್ಮ ಕ್ಲಾಸಿನಲ್ಲಿ ಹಳೇಬೀಡಿನ ಒಬ್ಬನಿದ್ದ. ಬೇಲೂರಿನ ಒಂದು ಲಾಡ್ಜಿನಲ್ಲಿ ವೈರಿಂಗ್ ಕೆಲಸ ಮಾಡುತ್ತಿದ್ದೇನೆ ಅಂತ ಚೀಟಿ ತಂದಿದ್ದ. ಮೇಷ್ಟ್ರು ಬೇಲೂರಿಗೆ ಹೋದರು. ಲಾಡ್ಜಿನವರಿಗೆ ಇವನ ಮುಖವೇ ಗೊತ್ತಿಲ್ಲ. ಅಲ್ಲಿಂದ ಹಳೇಬೀಡಿಗೆ ಬಸ್ಸು ಹತ್ತಿದರು. ದೇವಸ್ಥಾನದ ಗೇಟಿನ ಹತ್ತಿರ ಇವನು ಫಾರಿನ್‌ನವರ ಹಿಂದೆ ಕಲ್ಲಿನ ಆನೆ ಹಿಡಿದುಕೊಂಡು ಓಡುತ್ತಿದ್ದನಂತೆ. ಮೇಷ್ಟ್ರು ಕೈಕಟ್ಟಿ ನಿಂತರು. ಅವನು ವ್ಯಾಪಾರ ಮುಗಿಸಿ ತಿರುಗಿದ, ಕಂಡ, ಆನೆ ಕೈಯಿಂದ ಜಾರಿತು.

"ಯಾಪಾರ ಚೆನ್ನಾಗಿ ಮಾಡ್ತೀಯ," ಎಂದರಂತೆ ಮೇಷ್ಟ್ರು. "ಅದಕ್ಕೆ ಬೇರೆ ಕೋರ್ಸಿದೆ. ನಮ್ಮದಕ್ಕೆ ವೈರ್ ಎಳೀಬೇಕು."

"ಸಾರ್, ಸೀಸನ್ನು ಸಾರ್."

"ನನಗೂ ಸೀಸನ್ನೇ."

ಅವನ ಕೈಹಿಡಿದುಕೊಂಡು ಬೇಲೂರಿಗೆ ವಾಪಸ್ ಹೋಗಿ, ಪರಿಚಯವೇ ಇಲ್ಲದ ಒಂದು ಎಲೆಕ್ಟ್ರಿಕ್ ಅಂಗಡಿಯವರನ್ನು ಬೇಡಿಕೊಂಡು ಅವನನ್ನು ಅಲ್ಲಿ ಸೇರಿಸಿ ಬಂದರು. ಆಮೇಲೆ ಮೂರು ಸಲ ಹೋಗಿ ನೋಡಿದರು. ಹುಡುಗ ಬೈದುಕೊಂಡೇ ಕಲಿತ. ಮೇಷ್ಟ್ರ ಓಡಾಟಕ್ಕೆ ಕಾಲೇಜು ಬಸ್ ಚಾರ್ಜನ್ನೂ ಕೊಡುತ್ತಿರಲಿಲ್ಲ.

ಇನ್ನೊಂದು ಅಭ್ಯಾಸ. ಹೆಗಲಿನ ಬ್ಯಾಗಿನಲ್ಲಿ ನೀರಿನ ಬಾಟ್ಲಿ. ಯಾರದಾದರೂ ತೋಟಕ್ಕೋ ಮನೆಗೋ ಹುಡುಗರ ಕೆಲಸ ನೋಡಲು ಹೋದಾಗ, ಅಂಗಳಕ್ಕೆ ಕಾಲಿಡುವ ಮೊದಲೇ ಬಾಟ್ಲಿ ತೆಗೆದು ಕುಡಿದುಬಿಡುತ್ತಿದ್ದರು. ಮನೆಯವರು ನೀರು ತರಲಾ ಅಂದರೆ, "ಈಗ ಕುಡಿದೆ, ಈಗ ಕುಡಿದೆ." ಬಿಸಿಲಿಗೆ ಬಾಯಾರಿಕೆ ಅಂತ ನಾನು ಅಂದುಕೊಂಡಿದ್ದೆ. ಅದು ಯಾಕೆ ಅಂತ ಗೊತ್ತಾಗಲು ಬಾಣಾವರದ ಬಾವಿ ದಾಟಿ ಅವರ ಮನೆ ಬಾಗಿಲವರೆಗೆ ಹೋಗಬೇಕಾಯಿತು.

ಬಾಣಾವರದ ಹತ್ತಿರ ಒಂದು ದೊಡ್ಡ ತೆಂಗಿನ ತೋಟ. ಅದರ ಯಜಮಾನರು ನಮ್ಮ ಅಂಗಡಿಯ ಖಾಯಂ ಗಿರಾಕಿ. ಸುತ್ತಿನ ಐದಾರು ಹಳ್ಳಿಯ ಮೋಟರ್‌ಗಳು ಅವರ ಮಾತಿನ ಮೇಲೆ ನಮ್ಮ ಅಂಗಡಿಗೆ ಬರುತ್ತಿದ್ದವು. ತೋಟದ ನಡುವೆ ಹಳೇ ಕಲ್ಲುಬಾವಿ. ಮೆಟ್ಟಿಲಿಳಿದು ಅರ್ಧಕ್ಕೆ ಹೋದರೆ ಒಂದು ಕಟ್ಟೆ, ಕಟ್ಟೆಯ ಮೇಲೆ ಮೋಟರ್. ಊರ ದೇವಿಯ ಅಭಿಷೇಕಕ್ಕೆ ಆ ಬಾವಿಯ ನೀರೇ ಹೋಗುತ್ತಿತ್ತು. ಅದಕ್ಕೇ ಮೋಟರ್ ರಿಪೇರಿಯಾಗಿ ಬಂದಾಗಲೆಲ್ಲ ಕಾಯಿ ಒಡೆದು ಗಂಗೆಪೂಜೆ ಮಾಡಿ ಇಳಿಸುವುದು ಅಲ್ಲಿಯ ಪದ್ಧತಿ. ಆ ಸಲ ಸುಟ್ಟ ಮೋಟರನ್ನು ಪೂರ್ತಿ ನಾನೊಬ್ಬನೇ ಸುತ್ತಿದ್ದೆ. ಕೂರಿಸುವುದೂ ನಾನೇ. ಮೇಷ್ಟ್ರು ನನ್ನ ಮಾರ್ಕ್ಸಿಗೆ ಈ ಕೆಲಸವನ್ನೇ ಆರಿಸಿಕೊಂಡಿದ್ದರು. ಸುತ್ತುವಾಗ ಕಾಲೇಜಿನ ಕೆಲಸದಿಂದ ಅಂಗಡಿಗೆ ಬರಲಾಗಿರಲಿಲ್ಲ, ಕೂರಿಸುವುದನ್ನು ನೋಡಿ ಹಾಕುವುದು ಅಂತ ಇತ್ತು. ಮಾರ್ಕ್ಸ್ ಪಟ್ಟಿ ಕಳಿಸಲು ಹೆಚ್ಚು ದಿನ ಉಳಿದಿರಲಿಲ್ಲ.

ಮೇಷ್ಟ್ರು ಬಂದರು. ಯಜಮಾನರು ಕೈಮುಗಿದರು. ನಾನು ಅಂಗಡಿಯಣ್ಣನ ಜೊತೆ ಬಾವಿಯ ಬಾಯಲ್ಲಿ ಪಾನಾ ಜೋಡಿಸಿಕೊಳ್ಳುತ್ತಿದ್ದೆ.

"ಬನ್ನಿ ಸಾರ್. ಯಾವೂರು ತಮ್ದು?"

ಮೇಷ್ಟ್ರು ಊರು ಹೇಳಿದರು.

"ಗೊತ್ತು ಬಿಡಿ, ನಮ್ ನೆಂಟ್ರವ್ರೆ ಅಲ್ಲಿ. ಊರೊಳಗೆ ಯಾರ ಪೈಕಿ?"

"ಊರೊಳಗಲ್ಲ. ಕಾಲೋನಿ."

ಇಂಥ ಪ್ರಶ್ನೆಗೆ ಸುತ್ತುಬಳಸಿ ಉತ್ತರ ಕೊಡುವವರನ್ನು ಆಮೇಲೆ ಎಷ್ಟೋ ಜನರನ್ನು ಕಂಡಿದ್ದೇನೆ. ಇವರು ಕರೆಂಟಿನ ವೋಲ್ಟೇಜ್ ಹೇಳಿದ ಹಾಗೆ ಹೇಳಿದರು.

ಯಜಮಾನರು ಮುಖ ಗಂಟಿಕ್ಕಲಿಲ್ಲ. ದನಿಯನ್ನೂ ಏರಿಸಲಿಲ್ಲ. ಇನ್ನೂ ಮೆತ್ತಗೆ ಮಾತಾಡಿದರು. "ಏ, ಸಾರ್‌ಗೆ ಚೇರ್ ತಗಬಾರ್ಲಾ. ಆ ಮರದ ನೆಳ್ಳಲ್ಲಿ ಹಾಕು. ಎಳನೀರು ಕೆತ್ತು." ಮರ ಬಾವಿಯಿಂದ ಒಂದು ಬಸ್ಸಿನ ಉದ್ದದಷ್ಟು ದೂರವಿತ್ತು.

"ನಾನು ಕೂರಕ್ಕೆ ಬಂದಿಲ್ಲ. ಹುಡುಗ ಕೆಲಸ ಮಾಡೋದು ನೋಡ್ಬೇಕು," ಎಂದರು ಮೇಷ್ಟ್ರು.

"ನೋಡಿ ಸಾರ್, ಯಾರು ಬ್ಯಾಡಾಂದ್ರು. ಅಲ್ಲಿಂದ್ಲೇ ನೋಡಿ."

"ಅಲ್ಲಿಂದ ಬಾವಿ ಒಳಗೆ ಕಾಣಲ್ಲ."

"ಪೂಜೆ ಆಗೈತೆ ಸಾರ್. ದೇವಿ ನೀರು. ನಂದೇನಿಲ್ಲ, ನಾಳೆ ಊರವ್ರು ನನ್ನ ಕೇಳ್ತಾರೆ. ನೀವು ಓದಿದೋರು, ನಿಮಗೆ ಹೇಳದೇನೈತೆ."

ಮೇಷ್ಟ್ರು ಚೇರಿನಲ್ಲಿ ಕೂರಲಿಲ್ಲ. ನಿಂತ ಜಾಗದಲ್ಲೇ ನಿಂತರು. ಅಂಗಡಿಯಣ್ಣ ನನ್ನ ಬೆನ್ನಿಗೆ ಗುದ್ದಿ, "ಇಳಿಯಲಾ, ಕರೆಂಟ್ ಹೊಂಟೋಯ್ತದೆ," ಎಂದರು. ತ್ರೀಫೇಸ್ ಬರುತ್ತಿದ್ದದ್ದೇ ದಿನಕ್ಕೆ ಸ್ವಲ್ಪ ಹೊತ್ತು. ಮೇಷ್ಟ್ರು ಕಲಿಸಿದ್ದ ಹಾಗೆ, ಮೇಲಿನಿಂದ ಯಾರೂ ಕರೆಂಟ್ ಕೊಡದಿರಲಿ ಅಂತ, ಮೂರೂ ಫ್ಯೂಸ್ ಕಿತ್ತು ನನ್ನ ಜೇಬಿಗೆ ಹಾಕಿಕೊಂಡು ಇಳಿದೆ. ಕೆಳಗಿದ್ದಾಗ ಕೆಮ್ಮು ಕೇಳಿಸಬಹುದು ಅಂತ ಕಿವಿ ಮೇಲಿತ್ತು. ಕೇಳಿಸಲಿಲ್ಲ. ಅವರಿಗೆ ನನ್ನ ಕೈ ಕಾಣುತ್ತಿರಲಿಲ್ಲ, ಎಲ್ಲಿಂದ ಕೆಮ್ಮುತ್ತಾರೆ.

ಕೂರಿಸಿ, ಮೇಲೆ ಬಂದು, ಫ್ಯೂಸ್ ಹಾಕಿ ಸ್ಟಾರ್ಟರ್ ಒತ್ತಿದೆ. ಮೋಟರ್ ಮೊದಲನೇ ಸಲಕ್ಕೇ ಎತ್ತಿಕೊಂಡಿತು. ತೊಟ್ಟಿಗೆ ನೀರು ಧುಮುಕಿತು.

"ಬಂತಲ್ಲ ಸಾರ್ ನೀರು," ಎಂದರು ಯಜಮಾನರು. ಅವರಿಗೆ ನಿಜವಾಗಿ ಖುಷಿಯಾಗಿತ್ತು. "ಹುಡುಗ ಗಟ್ಟಿಗ. ಪೂರ್ತಿ ಮಾರ್ಕ್ಸ್ ಹಾಕಿ."

"ನೀರು ಬಂದಿದ್ದು ಕಂಡೆ," ಎಂದರು ಮೇಷ್ಟ್ರು. "ಕೆಲಸ ಮಾಡಿದ್ದು ಕಾಣಲಿಲ್ಲ."

ಎಳನೀರು ಮುಟ್ಟದೆ ರಸ್ತೆ ಕಡೆ ಹೊರಟರು. ನಾನು ಪಾನಾಗಳನ್ನು ಅಲ್ಲೇ ಬಿಟ್ಟು ಹಿಂದೆ ಓಡಿದೆ. ಬಾಣಾವರದ ಬಸ್ ಸ್ಟಾಪಿನಲ್ಲಿ ಅವರನ್ನು ಹಿಡಿದೆ. ಅಲ್ಲಿ ನಿಂತು ಕೇಳಿದೆ.

"ಮಾರ್ಕ್ಸ್ ಹಾಕ್ತೀರ ತಾನೆ?"

"ಏನಂತ ಹಾಕ್ಲಿ?"

"ನಾನೇ ಸುತ್ತಿದ್ದು ಅಂತ ನಿಮಗೆ ಗೊತ್ತಿಲ್ವಾ?"

"ಗೊತ್ತು."

"ಮತ್ತೆ?"

"ಗೊತ್ತಿರೋದು ಬೇರೆ, ಕಂಡಿದ್ದು ಬೇರೆ ಕಣೋ. ಹಳೇಬೀಡಿನವನಿಗೂ ಹಾಗೇ ಹಾಕ್ಬಹುದಿತ್ತಲ್ಲ."

"ಅವನು ಕೆಲ್ಸ ಮಾಡಿರ್ಲಿಲ್ಲ. ನಾನು ಮಾಡಿವ್ನಿ. ನಿಮ್ಮನ್ನ ಬಾವಿ ಹತ್ರ ಬಿಡ್ದಿದ್ರೆ ಅದಕ್ಕೆ ನಾನೇನ್ ಮಾಡ್ಲಿ?"

ಬಸ್ಸು ಬಂತು, ಹತ್ತಿದರು. ನಾನು ಹತ್ತಲಿಲ್ಲ.

ಮಾರನೇ ದಿನ ಅಂಗಡಿಯಣ್ಣ ನನ್ನನ್ನು ಒಳಗೆ ಬಿಡಲಿಲ್ಲ. ಯಜಮಾನರು ಬೇಜಾರು ಮಾಡಿಕೊಂಡಿದ್ದರಂತೆ. "ಚೇರ್ ಹಾಕ್ಸಿ, ಎಳನೀರು ಕೆತ್ಸಿ, ಅವ್ರು ಏನ್ ಕಮ್ಮಿ ಮಾಡಿದ್ರು? ಮಕದ ಮೇಲೆ ಹೊಡ್ದಂಗೆ ಎದ್ದೋದ್ನಲ್ಲ ನಿಮ್ ಮೇಷ್ಟ್ರು. ಹೋಗು, ಅವನತ್ರನೇ ಕೆಲ್ಸ ಇಸ್ಕ." ಹೀಗೆ ಕೆಲಸವೂ ಹೋಯಿತು, ಮಾರ್ಕ್ಸೂ ಇಲ್ಲ. ನಾನೇನೂ ತಪ್ಪು ಮಾಡಿರಲಿಲ್ಲ. ಯಜಮಾನರಿಗೆ ಅವರ ದೇವಿ ಉಳಿದಳು, ಮೇಷ್ಟ್ರಿಗೆ ಅವರ ಮಾತು ಉಳಿಯಿತು, ಎರಡು ವರ್ಷ ಹಾಳಾಗುವುದು ನನ್ನದು. ಮನೆಯಲ್ಲಿ ಏನು ಹೇಳುವುದು ಅಂತ ಗೊತ್ತಾಗದೆ ಅರಸೀಕೆರೆ ಸ್ಟೇಷನ್‌ನಲ್ಲಿ ಸಂಜೆಯವರೆಗೆ ಕೂತಿದ್ದೆ.

ಮೇಷ್ಟ್ರು ನನ್ನನ್ನು ಹುಡುಕಿಕೊಂಡು ಅಲ್ಲಿಗೇ ಬಂದರು. ಪಕ್ಕದಲ್ಲಿ ಕೂತರು.

"ನಮ್ಮ ಕಾಲೋನಿ ಬೋರ್‌ವೆಲ್ ಮೋಟ್ರು ಸುಟ್ಟು ಬಿದ್ದಿದೆ. ಬೇಸಿಗೆ ಶುರುವಾದಾಗಿಂದ ಪಂಚಾಯ್ತಿಯವರು ಇವತ್ತು ನಾಳೆ ಅಂತಿದಾರೆ. ತಂತಿ ನಾನು ತರ್ತೀನಿ. ನೀನು ಸುತ್ತು, ಇಳಿಸು. ನಾನು ನೋಡ್ತೀನಿ."

ನನಗೆ ಬೇರೆ ದಾರಿ ಇರಲಿಲ್ಲ. ಸಿಟ್ಟಿನಲ್ಲೇ ಹೋದೆ.

ಅವರ ಮನೆಯ ಜಗುಲಿಯಲ್ಲಿ ಕೂತು ಸುತ್ತಿದೆ. ಬೋರ್‌ವೆಲ್ಲಿನ ಮೋಟರ್ ನೀರಿನೊಳಗೇ ಮುಳುಗಿರುವಂಥದ್ದು. ಪ್ಲಾಸ್ಟಿಕ್ ಹೊದಿಕೆಯ ತಂತಿ, ಒಂದು ಕಡೆ ಗೀರು ಬಿದ್ದರೂ ಕೆಳಗೆ ಹೋದ ಮೇಲೆ ಸುಟ್ಟುಹೋಗುತ್ತದೆ. ಮೇಷ್ಟ್ರು ಹಿಂದೆ ನಿಂತರು, ಬೆಳಿಗ್ಗೆ ಒಂದಿಷ್ಟು ಹೊತ್ತು, ಕಾಲೇಜಿನಿಂದ ಬಂದ ಮೇಲೆ ಕತ್ತಲಾಗುವವರೆಗೆ. ಕಾಲೋನಿಯ ಹೆಂಗಸರು ದೂರದಿಂದ ಬಿಂದಿಗೆ ಹೊತ್ತು ಬರುತ್ತಾ ಜಗುಲಿಯ ಮುಂದೆ ನಿಂತು ಇಣುಕುತ್ತಿದ್ದರು.

"ಯಾವಾಗ್ಲಪ್ಪ ಆಯ್ತದೆ?" ಅಂತ ಒಬ್ಬ ಅಜ್ಜಿ ಕೇಳಿದಳು.

"ಇನ್ನೂ ಐತೆ ಅಜ್ಜಿ."

"ಪಂಚಾಯ್ತಿಯೋರೂ ಹಂಗೇ ಅಂತಾರೆ," ಎಂದು ಹೋದಳು.

ಮೊದಲ ದಿನ ಭಾನುವಾರ, ಮೇಷ್ಟ್ರ ಹೆಂಡತಿ ಟೀಚರಮ್ಮ ಮಧ್ಯಾಹ್ನ ಊಟಕ್ಕೆ ಕರೆದರು. ಒಳಗೆ ಗೂಡಿನಲ್ಲಿ ಬುದ್ಧನ ಚಿಕ್ಕ ಮೂರ್ತಿ, ಪಕ್ಕದಲ್ಲಿ ಎರಡು ಮಲ್ಲಿಗೆ. ದೇವಿ, ಕಾಯಿ, ಕುಂಕುಮ ಏನೂ ಇರಲಿಲ್ಲ. ಮೇಷ್ಟ್ರು ಬಾಗಿಲಲ್ಲಿ ನಿಂತು ನನ್ನ ಕಡೆ ನೋಡದೆ ಹೇಳಿದರು, "ಬೇಡ ಅಂದ್ರೆ ಹೇಳು. ಬೇಜಾರಿಲ್ಲ. ಹೋಟ್ಲಿಂದ ತರಿಸ್ತೀನಿ." ಅವರ ಬಾಟ್ಲಿ ಯಾಕೆ ಅಂತ ನನಗೆ ಆಗ ತಿಳಿಯಿತು. ಕೊಡುವವರಿಗೆ ಮುಜುಗರ ಆಗದಿರಲಿ, ತನಗೆ ಇಲ್ಲ ಅನ್ನಿಸಿಕೊಳ್ಳುವುದೂ ಬೇಡ ಅಂತ. ನಾನು ಕೂತು ಉಂಡೆ. ಹಸಿವಾಗಿತ್ತು.

ನಮ್ಮೂರಿನ ಯಾರೋ ಕಂಡು ನಮ್ಮವ್ವನಿಗೆ ಹೇಳಿದ್ದರು. ಮನೆಗೆ ಹೋದಾಗ ಅವಳು ಒಲೆ ಮುಂದೆ ಬೆನ್ನು ಹಾಕಿ ಕೂತಿದ್ದಳು.

"ಎಲ್ಲುಂಡೆ?"

"ಮೇಷ್ಟ್ರ ಮನೇಲಿ."

ಒಲೆಗೆ ಎರಡು ಸಲ ಸೌದೆ ನೂಕಿದಳು. ಬೈಗುಳ ಬರುತ್ತದೆ ಅಂತ ಕಾದೆ.

"ಸಾರು ಏನ್ ಮಾಡಿದ್ರು?"

"ಹುಳ್ಳಿಕಾಳು."

"ನಿಂಗೆ ಹುಳ್ಳಿ ಆಗಲ್ವಲ್ಲೋ, ಹೊಟ್ಟೆ ನೋಯ್ತದೆ," ಎಂದಳು. ಅಲ್ಲಿಗೆ ಮುಗಿಯಿತು. ಊರಿನವರ ಬಾಯಿ ಮುಗಿಯಲಿಲ್ಲ, ಅದು ಬೇರೆ.

ಮೋಟರ್ ಇಳಿಸುವ ದಿನ ಕಾಲೋನಿಯ ಗಂಡಸರೆಲ್ಲ ಪೈಪು ಹಿಡಿಯಲು ಬಂದರು. ಮೋಟರಿನ ಕೇಬಲ್ಲನ್ನು ಮೇಲಿನ ಕೇಬಲ್ಲಿಗೆ ಸೇರಿಸುವ ಜಾಯಿಂಟ್ ಹಾಕಿ ಟೇಪ್ ಸುತ್ತಿದೆ. ಹಿಂದಿನಿಂದ ಕೆಮ್ಮು. ಎಲ್ಲರೂ ಪೈಪ್ ಎತ್ತಿ ಹಿಡಿದು ನಿಂತಿದ್ದಾರೆ, ಬಿಸಿಲು. ಟೇಪ್ ಒಂದು ಕಡೆ ಸಡಿಲವಿತ್ತು. ಬಿಚ್ಚಿ ಮತ್ತೆ ಸುತ್ತಿದೆ. "ಏ ಮೇಷ್ಟ್ರೇ, ಇಲ್ಲೂ ನಿಮ್ ಪರೀಕ್ಷೆನಾ, ಕೈ ಬಿದ್ದೋಯ್ತದೆ," ಅಂತ ಒಬ್ಬ ಗೊಣಗಿದ. ಮೇಷ್ಟ್ರು, "ಬಿದ್ರೆ ಎತ್ಕೊಂಡು ಹಾಕೋಣ, ಹಿಡ್ಕೊ," ಎಂದರು. ಸಂಜೆಯ ಹೊತ್ತಿಗೆ ನೀರು ಬಂತು. ಮೊದಲು ಕೆಂಪಗೆ, ಆಮೇಲೆ ತಿಳಿಯಾಗಿ. ಆ ಅಜ್ಜಿ ನನ್ನನ್ನು ಪಕ್ಕಕ್ಕೆ ತಳ್ಳಿ ಬಿಂದಿಗೆ ಇಟ್ಟಳು.

ಕತ್ತಲಾಗುವ ಮೊದಲು ಬಸ್ ಸ್ಟಾಪಿಗೆ ಬಿಡಲು ಮೇಷ್ಟ್ರು ಜೊತೆಗೆ ಬಂದರು. ನನ್ನ ತಲೆಯಲ್ಲಿ ಇದ್ದದ್ದನ್ನು ಕೇಳಿಬಿಟ್ಟೆ.

"ನಿಮ್ ಕಾಲೋನಿ ಮೋಟ್ರು ರಿಪೇರಿ ಆಗ್ಲಿ ಅಂತ ನನ್ ಮಾರ್ಕ್ಸ್ ಹಿಡ್ಕಂಡ್ರಾ?"

ನಡೆಯುತ್ತಿದ್ದವರು ನಿಂತರು. ಬೇರೆ ಯಾರಾದರೂ ಆಗಿದ್ದರೆ ಸಿಟ್ಟಾಗುತ್ತಿದ್ದರು.

"ಬಾವಿ ಹತ್ರ ನಿಂತಿದ್ದಾಗ ಇದು ನೆನಪಾಗಿರ್ಲಿಲ್ಲ," ಎಂದರು. ಮತ್ತೆ ಹೆಜ್ಜೆ ಹಾಕುತ್ತಾ, "ಬಸ್ಸಲ್ಲಿ ನೆನಪಾಯ್ತು."

ಅಷ್ಟೇ ಹೇಳಿದ್ದು. ಹಾಗಲ್ಲ ಎಂದು ಆಣೆ ಹಾಕಲಿಲ್ಲ, ಸಮಜಾಯಿಷಿ ಕೊಡಲಿಲ್ಲ. ನಿಜ ಹೇಳಿದರಲ್ಲ ಅಂತ ಒಂದು ಕಡೆ ಅನ್ನಿಸಿತು. ನಿಜ ಹೇಳಿದರೂ ನನ್ನ ಬಳಸಿಕೊಂಡರಲ್ಲ ಅಂತಲೂ ಅನ್ನಿಸಿತು. ಇವತ್ತಿಗೂ ಎರಡೂ ಅನ್ನಿಸುತ್ತದೆ.

ಮಾರ್ಕ್ಸು ಬಂತು. ಪಾಸು. ಆದರೆ ಜಾಯಿಂಟಿನ ಸಡಿಲ ಟೇಪಿಗೆ ಕಳೆದಿದ್ದರು. ಮೊದಲನೇ ಸಲ ಸುತ್ತಿದ್ದನ್ನು ಕಂಡಿದ್ದರಲ್ಲ. ಬೇರೆ ವಿಭಾಗದಲ್ಲಿ ಚೀಟಿ ತಂದವರಿಗೆಲ್ಲ ಹೆಚ್ಚುಕಮ್ಮಿ ಪೂರ್ತಿ. ಆ ವರ್ಷ ಕರೆಂಟಿನ ಇಲಾಖೆಗೆ ಅಪ್ರೆಂಟಿಸ್ ತೆಗೆದುಕೊಂಡಾಗ ಮಾರ್ಕ್ಸ್ ನೋಡಿಯೇ ತೆಗೆದುಕೊಂಡರು. ಚೀಟಿ ತಂದ ಒಬ್ಬ ಹೋದ. ಅವನು ಫ್ಯೂಸ್ ಕೀಳುವಾಗ ಕಣ್ಣು ಮುಚ್ಚುತ್ತಿದ್ದವನು. ನನಗೆ ಸ್ವಲ್ಪದರಲ್ಲಿ ತಪ್ಪಿತು. ಟೇಪಿಗೆ ಕಳೆದದ್ದು ಸಿಕ್ಕಿದ್ದರೆ ಸಿಗುತ್ತಿತ್ತು. ಮೇಷ್ಟ್ರಿಗೆ ಹೋಗಿ ಹೇಳಿದೆ. ಪೂರ್ತಿ ಕೇಳಿಸಿಕೊಂಡರು. "ಹೌದು," ಎಂದರು.

ಅವರಿಗೂ ಆ ವರ್ಷ ಚೆನ್ನಾಗಿರಲಿಲ್ಲ. ಯಜಮಾನರು ಬಾವಿಯ ವಿಷಯವನ್ನು ಪ್ರಿನ್ಸಿಪಾಲರ ಕಿವಿಗೆ ಹಾಕಿದ್ದರು. ಕಂಪ್ಲೇಂಟೇನೂ ಅಲ್ಲ, ಮದುವೆಮನೆಯಲ್ಲಿ ಸಿಕ್ಕಾಗ ಬೇಜಾರು ಹೇಳಿಕೊಂಡದ್ದು. ಮುಂದಿನ ಜೂನ್‌ನಲ್ಲಿ ಮೇಷ್ಟ್ರನ್ನು ಕರೆಯಲಿಲ್ಲ. ಕಾರಣ ಯಾರೂ ಹೇಳಲಿಲ್ಲ. ಮಾರನೇ ವರ್ಷ ಬೇರೆಯವರು ಸಿಗದೆ ಮತ್ತೆ ಕರೆದರು. ಆದರೆ ನಡುವೆ ಒಂದು ವರ್ಷ ತುಂಡು ಬಿತ್ತು. ಪಾರ್ಟ್ ಟೈಮಿನವರನ್ನು ಖಾಯಂ ಮಾಡುವ ಮಾತು ಎದ್ದಾಗಲೆಲ್ಲ ಬಿಡದೆ ಮಾಡಿದ ವರ್ಷಗಳನ್ನೇ ಎಣಿಸುತ್ತಿದ್ದರಂತೆ. ಮೊದಲಿನ ವರ್ಷಗಳಷ್ಟೂ ಹೋದವು. ಹುಡುಗರು ಎಲ್ಲೆಲ್ಲೋ ಮಾಡಿದ ಕೆಲಸವನ್ನು ಲೆಕ್ಕಕ್ಕೆ ಹಿಡಿಸಲು ಓಡಾಡಿದವರು, ಅವರು ಮಾಡಿದ್ದು ಲೆಕ್ಕಕ್ಕೆ ಬರಲಿಲ್ಲ. ಇದರ ಬಗ್ಗೆ ಅವರು ಮಾತಾಡಿದ್ದನ್ನು ನಾನು ಕೇಳಿಲ್ಲ. ಟೀಚರಮ್ಮ ಹೇಳಿದ್ದು.

ನಾನು ಪರ್ಮಿಟ್ ತೆಗೆದುಕೊಂಡೆ, ಜಾವಗಲ್ಲಿನಲ್ಲಿ ನನ್ನದೇ ಅಂಗಡಿ ಹಾಕಿದೆ. ಚೆನ್ನಾಗೇ ನಡೆಯುತ್ತಿದೆ. ಆದರೆ ಇಲಾಖೆಯ ಜೀಪು ಅಂಗಡಿ ಮುಂದೆ ಹೋದಾಗಲೆಲ್ಲ ಕಣ್ಣು ಅದರ ಹಿಂದೆ ಹೋಗುತ್ತದೆ. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಸಕ್ಕರೆ ಕಾಯಿಲೆ ಮೇಷ್ಟ್ರ ಕಿಡ್ನಿಗೆ ಇಳಿದಿದೆ ಅಂತ ಗೊತ್ತಾದಾಗ ನೋಡಲು ಹೋದೆ. ಮಂಚದ ಮೇಲೆ ಮಲಗಿದ್ದರು. ಮುಖ ಊದಿತ್ತು, ಕೈ ಮಾತ್ರ ಕಡ್ಡಿಯಾಗಿತ್ತು. ಡಾಕ್ಟರು ನೀರು ಕುಡಿಯುವುದಕ್ಕೂ ಅಳತೆ ಹೇಳಿದ್ದರಂತೆ.

"ಅಂಗಡಿ ಹೆಂಗಿದೆ?"

"ಐತೆ."

"ಹುಡುಗರನ್ನ ಇಟ್ಕೊಂಡಿದೀಯಾ?"

"ಇಬ್ರು ಅವ್ರೆ."

"ಕಾಲೇಜಿಗೆ ಕಳ್ಸು. ಮಾರ್ಕ್ಸ್ ಇದೆ ಅದಕ್ಕೆ."

ಆಮೇಲೆ ಅವರೇ ಕೇಳಿದರು, "ನನ್ನ ಮೇಲೆ ಸಿಟ್ಟಿದೆಯಾ ಇನ್ನೂ?"

"ಐತೆ ಸಾರ್."

ತಲೆಯಾಡಿಸಿದರು. ಆ ಪ್ರಶ್ನೆ ಕೇಳಿದ್ದರಿಂದ ನನಗೂ ಧೈರ್ಯ ಬಂತು.

"ಒಂದು ಕೇಳ್ತೀನಿ. ನಾನು ಆವತ್ತು ನಿಮ್ ಕಾಲೋನಿಗೆ ಬರಲ್ಲ ಅಂದಿದ್ರೆ ಏನ್ ಮಾಡ್ತಿದ್ರಿ?"

"ಫೇಲ್ ಮಾಡ್ತಿದ್ದೆ."

ಯೋಚನೆಯನ್ನೂ ಮಾಡಲಿಲ್ಲ. ಕಾಯಿಲೆಯವರ ಮುಂದೆ ದನಿ ಏರಿಸಬಾರದು ಅಂತ ಗೊತ್ತಿದ್ದರೂ ಏರಿತು. "ಕೆಲ್ಸ ಮಾಡ್ದವ್ನನ್ನ?"

"ಹೂಂ."

"ನಿಮ್ಮನ್ನ ದೂರ ನಿಲ್ಸಿದ್ದು ಅವ್ರು. ಅವ್ರಿಗೇನಾಯ್ತಿತ್ತು?"

"ಅವರಿಗೆ ಏನೂ ಆಗ್ತಿರ್ಲಿಲ್ಲ. ಆಗೋದೆಲ್ಲ ನಿನಗೇ. ನನಗೆ ಗೊತ್ತಿತ್ತು." ಉಸಿರು ಎಳೆದುಕೊಂಡರು. "ದೂರದಲ್ಲಿ ನಿಂತು, ನೋಡಿದೀನಿ ಅಂತ ಒಂದು ಸಲ ಬರೆದುಬಿಟ್ರೆ, ಆಮೇಲೆ ಎಲ್ಲಾ ಕಡೆ ಚೇರ್ ಹಾಕೋದು ಆ ಮರದಡೀಲೇ ಕಣೋ."

"ಅದಕ್ಕೆ ನಾನು ಸಿಕ್ಕಬೇಕಿತ್ತಾ?"

ಟೀಚರಮ್ಮ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತರು. ಮೇಷ್ಟ್ರು ಅವರ ಕಡೆ ನೋಡಲಿಲ್ಲ, ನನ್ನನ್ನೇ ನೋಡುತ್ತಿದ್ದರು. ಕ್ಷಮಿಸು ಎನ್ನುತ್ತಾರೆ ಅಂತ ನಾನು ಕಾದಿದ್ದು ನಿಜ. ಅವರ ಬಾಯಿಂದ ಆ ಮಾತು ಬಂದಿದ್ದರೆ ಸುಳ್ಳಾಗುತ್ತಿತ್ತು ಅಂತ ನನಗೂ ಗೊತ್ತಿತ್ತು.

"ಯಾರಾದ್ರೂ ಸಿಕ್ತಿದ್ರು," ಎಂದರು. "ನೀನು ಸಿಕ್ದೆ."

ನಾನು ಬತ್ತೀನಿ ಎಂದು ಎದ್ದೆ. ಆ ತಿಂಗಳು ಕಳೆಯುವುದರೊಳಗೆ ಹೋಗಿಬಿಟ್ಟರು. ಮಣ್ಣಿಗೆ ಹೋದೆ. ಕಾಯಿ ಕರ್ಪೂರ ಇರಲಿಲ್ಲ, ಬಿಳಿ ಬಟ್ಟೆಯವರು ಒಬ್ಬರು ಪಾಲಿ ಭಾಷೆಯಲ್ಲಿ ಬುದ್ಧನದೇನೋ ಹೇಳಿದರು, ಎಲ್ಲರೂ ಕೈಮುಗಿದು ನಿಂತರು. ಚಟ್ಟ ಎತ್ತುವಾಗ ನಾಲ್ಕನೇ ಕಡೆಗೆ ಯಾರು ಅಂತ ಅವರ ತಮ್ಮ ತಿರುಗಿ ನೋಡಿದ. ನಾನು ಹೋಗಿ ಹೆಗಲು ಕೊಟ್ಟೆ. ಸಿಟ್ಟು ಇಳಿದಿರಲಿಲ್ಲ.